ಮರದ ಕಟಾಂಜನದ ಬಿರುಕು: ತುಂಬುವ ಮೊದಲು ಅಳೆಯಿರಿ

ಮಹಡಿ ಮೆಟ್ಟಿಲಿನ ಮರದ ಕಟಾಂಜನಕ್ಕೆ ಬಣ್ಣ ಹಚ್ಚುವ ಮೊದಲು ಬಿರುಕುಗಳಿಗೆ ಪುಟ್ಟಿ ತುಂಬುವುದು ವಾಡಿಕೆ. ಮಳೆಗಾಲದಲ್ಲಿ ನುಣುಪಾಗಿ ಕಂಡ ಕೆಲಸ ಮಾರ್ಚ್ ತಿಂಗಳ ಹೊತ್ತಿಗೆ, ಅದೂ ತುದಿಯ ದಪ್ಪ ಕಂಬ ಮತ್ತು ಕೈಹಿಡಿಕೆ ಸೇರುವ ಕಡೆ, ಮತ್ತೆ ಸೀಳಿರುತ್ತದೆ. ದೂರು ಬಣ್ಣದ ಮೇಲೆ, ಇಲ್ಲವೇ ಬಡಗಿಯ ಮೇಲೆ. ನಿಜವಾದ ಕಾರಣ ಬೇರೆ: ಮರ ಚಲಿಸಿದೆ, ಪುಟ್ಟಿ ಚಲಿಸಿಲ್ಲ.

ಮರ ಏಕೆ ಚಲಿಸುತ್ತದೆ?

ಮರದ ಕೋಶಭಿತ್ತಿಗಳು ಗಾಳಿಯಲ್ಲಿನ ನೀರಾವಿಯನ್ನು ಹೀರಿ ಉಬ್ಬುತ್ತವೆ. ಗಾಳಿ ಒಣಗಿದಾಗ ನೀರನ್ನು ಬಿಟ್ಟುಕೊಟ್ಟು ಕುಗ್ಗುತ್ತವೆ. ಸಾಪೇಕ್ಷ ಆರ್ದ್ರತೆ ಶೇಕಡಾ 80 ಇದ್ದಾಗ ಮರದ ತೇವಾಂಶ ನಿಧಾನವಾಗಿ ಸುಮಾರು ಶೇಕಡಾ 16ರತ್ತ ಸಾಗುತ್ತದೆ. ಆರ್ದ್ರತೆ ಶೇಕಡಾ 40ಕ್ಕೆ ಇಳಿದರೆ ಶೇಕಡಾ 8ರ ಸಮೀಪಕ್ಕೆ ಬರುತ್ತದೆ. ಬಣ್ಣ ಈ ವಿನಿಮಯವನ್ನು ನಿಧಾನಗೊಳಿಸುತ್ತದೆಯೇ ಹೊರತು ನಿಲ್ಲಿಸುವುದಿಲ್ಲ.

ಈ ಹಿಗ್ಗುಕುಗ್ಗು ಎಲ್ಲ ದಿಕ್ಕಿನಲ್ಲಿಯೂ ಸಮನಲ್ಲ. ಹಸಿ ತೇಗ ಪೂರ್ತಿ ಒಣಗಿದಾಗ ವಾರ್ಷಿಕ ಉಂಗುರಗಳ ಸ್ಪರ್ಶಕದ ದಿಕ್ಕಿನಲ್ಲಿ ಸುಮಾರು ಶೇಕಡಾ 5.8ರಷ್ಟು, ತ್ರಿಜ್ಯದ ದಿಕ್ಕಿನಲ್ಲಿ ಸುಮಾರು 2.5ರಷ್ಟು ಕುಗ್ಗುತ್ತದೆ. ಎಳೆಯ ಉದ್ದಕ್ಕೆ ಕುಗ್ಗುವುದು ಅತ್ಯಲ್ಪ.

ಈಗ 100 ಮಿ.ಮೀ. ದಪ್ಪದ ತೇಗದ ಕಂಬವೊಂದನ್ನು ಪರಿಗಣಿಸೋಣ. ಅದರ ತೇವಾಂಶ ಶೇಕಡಾ 15ರಿಂದ 10ಕ್ಕೆ ಇಳಿದರೆ ಸ್ಪರ್ಶಕದ ದಿಕ್ಕಿನಲ್ಲಿ ಅದು ಸುಮಾರು 1 ಮಿ.ಮೀ. ಕುಗ್ಗುತ್ತದೆ, ಅಂದರೆ ಪ್ರತಿ ಬದಿಯೂ ಅರ್ಧ ಮಿ.ಮೀ. ಹಿಂದೆ ಸರಿಯುತ್ತದೆ. ಕೈಹಿಡಿಕೆಯ ಎಳೆ ಉದ್ದಕ್ಕೆ ಇರುವುದರಿಂದ ಅದು ಕಂಬವನ್ನು ಹಿಂಬಾಲಿಸಿ ಹೋಗದು. ಬಿರುಕು ಬಾಯಿಬಿಡುವುದು ಇಲ್ಲಿಯೇ.

'ಬಿಸಿಲಿಗೆ ಬಿರುಕು ಬಿಟ್ಟಿತು' ಎನ್ನುವ ಮಾತಿನಲ್ಲಿ ಉಷ್ಣದ ಪಾಲು ಎಷ್ಟು? ತಾಪ 15 ಡಿಗ್ರಿ ಸೆಲ್ಸಿಯಸ್ ಏರಿದರೆ ಅದೇ ಕಂಬ ಸುಮಾರು 0.05 ಮಿ.ಮೀ. ಮಾತ್ರ ಬದಲಾಗುತ್ತದೆ. ಅದೂ ಹಿಗ್ಗುತ್ತದೆ, ಕುಗ್ಗುವುದಿಲ್ಲ! ಬಿರುಕಿಗೆ ಕಾರಣ ಒಣಗುವಿಕೆ.

ಕಿರಿದಾದ ಬಿರುಕೇ ಕಷ್ಟ

ತುಂಬಿದ ವಸ್ತುವಿನ ಮೇಲೆ ಬೀಳುವ ವಿಕೃತಿ ಅಥವಾ ಸ್ಟ್ರೇನ್ ಎಂದರೆ ಚಲನೆಯನ್ನು ಬಿರುಕಿನ ಅಗಲದಿಂದ ಭಾಗಿಸಿದಾಗ ಬರುವ ಸಂಖ್ಯೆ. 1 ಮಿ.ಮೀ. ಬಿರುಕು ಅರ್ಧ ಮಿ.ಮೀ. ಅಗಲವಾದರೆ ವಿಕೃತಿ ಶೇಕಡಾ 50. ಅದೇ ಬಿರುಕನ್ನು ಚಾಕುವಿನಿಂದ ಕೆತ್ತಿ 3 ಮಿ.ಮೀ. ಮಾಡಿದರೆ ವಿಕೃತಿ ಸುಮಾರು 17. ಉತ್ತಮ ಅಕ್ರಿಲಿಕ್ ಸೀಲೆಂಟ್ ಶೇಕಡಾ 25ರವರೆಗೆ ತಾಳಬಲ್ಲದು. ಗಟ್ಟಿ ಪುಟ್ಟಿ ಇದರ ಅಲ್ಪಾಂಶವನ್ನೂ ತಾಳದು. ಬಿರುಕನ್ನು ಅಗಲ ಮಾಡಿ ತುಂಬುವುದು ವಿಚಿತ್ರವೆನಿಸಿದರೂ ಲೆಕ್ಕ ಅದನ್ನೇ ಹೇಳುತ್ತದೆ.

ಬೇಸಿಗೆಯಲ್ಲಿ ಬಿರುಕು ಪೂರ್ತಿ ತೆರೆದಿದ್ದಾಗ ಗಟ್ಟಿ ಪುಟ್ಟಿ ಒತ್ತಿ ತುಂಬಿದರೂ ತೊಂದರೆಯೇ. ಮಳೆಗಾಲದಲ್ಲಿ ಉಬ್ಬುವ ಮರಕ್ಕೆ ಜಾಗ ಸಿಗದೆ ಎಳೆಗಳು ಜಜ್ಜಿಹೋಗುತ್ತವೆ. ಮುಂದಿನ ಬೇಸಿಗೆಗೆ ಬಿರುಕು ಇನ್ನೂ ದೊಡ್ಡದಾಗುತ್ತದೆ.

ಆದ್ದರಿಂದ ಮೊಳೆಯ ಗುಳಿ, ಚಿಕ್ಕ ತೂತು, ಜಜ್ಜಿದ ಮೂಲೆಗಳಿಗೆ ಗಟ್ಟಿ ಪುಟ್ಟಿ ಅಥವಾ ಮರದ ಪುಡಿ ಮತ್ತು ಅಂಟಿನ ಮಿಶ್ರಣ ಸಾಕು. ಅಂಟಿನಲ್ಲಿನ ನೀರು ಆರಿದಂತೆ ಮಿಶ್ರಣ ಕುಗ್ಗುವುದರಿಂದ ಅದನ್ನು ತೆಳುವಾದ ಪದರಗಳಲ್ಲಿ ತುಂಬಬೇಕು. ಎಳೆಗಳು ಅಡ್ಡಡ್ಡ ಸೇರುವ ಜೋಡಣೆಗಳಿಗೆ ಬಣ್ಣ ಹಿಡಿಯುವ ಅಕ್ರಿಲಿಕ್ ಸೀಲೆಂಟ್ ಸೂಕ್ತ. ಸಾಮಾನ್ಯ ಸಿಲಿಕೋನಿನ ಮೇಲೆ ಬಣ್ಣ ನಿಲ್ಲುವುದಿಲ್ಲ.

ಎರಡು ಎಚ್ಚರಿಕೆಗಳು

ಮೊದಲನೆಯದಾಗಿ, ತುಂಬುವ ಮೊದಲು ಪ್ರತಿಯೊಂದು ಕಂಬಿಯನ್ನೂ ಕೈಯಿಂದ ಅಲುಗಾಡಿಸಿ ನೋಡಬೇಕು. ಪುಟ್ಟಿಗೆ ಭಾರ ಹೊರುವ ಶಕ್ತಿಯಿಲ್ಲ. ಸಡಿಲ ಜೋಡಣೆಯನ್ನು ಪುಟ್ಟಿ, ಬಣ್ಣಗಳಿಂದ ಮುಚ್ಚಿದರೆ ಅಪಾಯ ಕಣ್ಣಿಗೆ ಕಾಣದಂತಾಗುತ್ತದೆ, ಅಷ್ಟೆ. ಬಿಡುವಿನ ವೇಳೆಯಲ್ಲಿ ಮಕ್ಕಳು ಗುಂಪಾಗಿ ಒರಗುವ ಶಾಲೆಯ ಕಟಾಂಜನದಲ್ಲಿ ಇದು ಜೀವಕ್ಕೆ ಸಂಬಂಧಿಸಿದ ವಿಷಯ. ಬಡಗಿಯಿಂದ ಜೋಡಣೆಯನ್ನು ಬಿಗಿ ಮಾಡಿಸಿದ ನಂತರವೇ ಪುಟ್ಟಿಯ ಮಾತು.

ಎರಡನೆಯದಾಗಿ, ಭಾರತದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸ 90 ಪಿ.ಪಿ.ಎಂ. ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಅದನ್ನು ಒಣದಾಗಿ ಉಪ್ಪುಕಾಗದದಿಂದ ಉಜ್ಜದೆ ನೀರು ಹಚ್ಚಿ ಉಜ್ಜಬೇಕು, ಮಕ್ಕಳನ್ನು ದೂರವಿಡಬೇಕು. ಮರ ಪೂರ್ತಿ ಆರಿದ ಮೇಲೆಯೇ ತುಂಬಬೇಕು.

ತರಗತಿಯಲ್ಲಿ ಮಾಡಿ ನೋಡಿ

ಬಡಗಿಯಿಂದ ಚಿಕ್ಕ ಹಲಗೆಯ ತುಂಡೊಂದನ್ನು ತನ್ನಿ. ಎಳೆಯ ಉದ್ದಕ್ಕೂ ಅಡ್ಡಕ್ಕೂ ವರ್ನಿಯರ್ ಕ್ಯಾಲಿಪರ್ಸ್‌ನಿಂದ ಅಳೆದು ಬರೆದುಕೊಳ್ಳಿ. ಎರಡು ದಿನ ನೀರಿನಲ್ಲಿ ಮುಳುಗಿಸಿಟ್ಟು ಮತ್ತೆ ಅಳೆಯಿರಿ. ಯಾವ ದಿಕ್ಕಿನಲ್ಲಿ ಎಷ್ಟು ಹಿಗ್ಗಿತೆಂಬ ಲೆಕ್ಕ ಸಿಕ್ಕ ಮೇಲೆ, ನಿಮ್ಮ ಶಾಲೆಯ ಕಟಾಂಜನ ಎಲ್ಲಿ ಬಿರುಕು ಬಿಡಬಹುದೆಂದು ವಿದ್ಯಾರ್ಥಿಗಳೇ ಮೊದಲು ಊಹಿಸಲಿ, ನಂತರ ಹೋಗಿ ನೋಡಲಿ.