ಮೊಳೆ ಹೆಚ್ಚು ಹೊಡೆದರೆ ಗಟ್ಟಿಯೇ? ಮನೆ ಮರಗೆಲಸದ ತಪ್ಪು ಕಲ್ಪನೆಗಳು

ವರಾಂಡಕ್ಕೊಂದು ಬೆಂಚು, ಮಕ್ಕಳ ಪುಸ್ತಕಕ್ಕೊಂದು ಶೆಲ್ಫು, ಅಟ್ಟದ ಡಬ್ಬ ಇಳಿಸಲು ಹತ್ತಿ ನಿಲ್ಲುವ ಸ್ಟೂಲು. ಇಂಥವನ್ನು ಸ್ವಂತ ಕೈಯಿಂದ ಮಾಡಿಕೊಳ್ಳಬೇಕೆಂದು ಆಸೆಪಡುವವರು ಈಗ ಎಲ್ಲ ಊರುಗಳಲ್ಲೂ ಸಿಗುತ್ತಾರೆ. ಟಿಂಬರ್ ಅಂಗಡಿಯವರು ಅವರಿಗೆ ಒಂದು ಹೇಳುತ್ತಾರೆ, ನೆಂಟರು ಇನ್ನೊಂದು, ಮೊಬೈಲಿನ ವಿಡಿಯೊ ಮತ್ತೊಂದು. ಅದರಲ್ಲಿ ಕೆಲವು ಸರಿ. ಉಳಿದವು ಮರವನ್ನೂ ದುಡ್ಡನ್ನೂ ಹಾಳುಮಾಡುತ್ತವೆ. ತಪ್ಪುಗಳ ಬೇರು ಹುಡುಕುತ್ತಾ ಹೋದರೆ ಹೆಚ್ಚಿನವು ಒಂದೇ ಕಡೆ ಬಂದು ನಿಲ್ಲುತ್ತವೆ: ಕಡಿದು ಒಣಗಿಸಿದ ಮರ ಕಬ್ಬಿಣದಂತೆ ಇಟ್ಟ ಹಾಗೇ ಇರುತ್ತದೆ ಎಂಬ ಎಣಿಕೆ. ಮೊದಲು ಅದನ್ನೇ ನೋಡೋಣ.

ನಂಬಿಕೆ: ಒಮ್ಮೆ ಒಣಗಿದ ಮರ ಮತ್ತೆ ಮಿಸುಕುವುದಿಲ್ಲ

ಮಿಸುಕುತ್ತದೆ. ಮಳೆಗಾಲದಲ್ಲಿ ಬಿಗಿದುಕೊಂಡ ಬಾಗಿಲು ಶಿವರಾತ್ರಿ ಕಳೆಯುತ್ತಿದ್ದಂತೆ ತಾನಾಗಿ ಸಡಿಲವಾಗುವುದನ್ನು ಎಲ್ಲರೂ ಕಂಡಿದ್ದೇವೆ. ಮರದ ನಾರು ಗಾಳಿಯ ತೇವವನ್ನು ಹೀರಿ ಉಬ್ಬುತ್ತದೆ, ಗಾಳಿ ಒಣಗಿದಾಗ ತೇವ ಬಿಟ್ಟು ಕುಗ್ಗುತ್ತದೆ. ಕಡಿದು ನೂರು ವರ್ಷವಾದ ತೊಲೆಗೂ ಈ ಗುಣ ಇದ್ದೇ ಇರುತ್ತದೆ. ಆಷಾಢದ ಮಂಗಳೂರಿನಲ್ಲಿ ಒಂದು ಹಲಗೆ ತನ್ನ ಒಣತೂಕದ ಶೇ. 16-18ರಷ್ಟು ನೀರು ಹಿಡಿದುಕೊಂಡಿರಬಲ್ಲದು. ಏಪ್ರಿಲ್ ತಿಂಗಳ ಕಲಬುರಗಿಯಲ್ಲಿ ಅದೇ ಹಲಗೆ ಶೇ. 6-7ಕ್ಕೆ ಇಳಿಯಬಹುದು.

ಈ ಉಬ್ಬುವಿಕೆ ಎಲ್ಲ ದಿಕ್ಕಿಗೂ ಒಂದೇ ಸಮ ಇರುವುದಿಲ್ಲ ಎಂಬುದು ಮುಖ್ಯ. ಮರವೆಂದರೆ ಬಿಗಿಯಾಗಿ ಕಟ್ಟಿದ ಕಡ್ಡಿಪೊರಕೆ ಅಂದುಕೊಳ್ಳಿ: ನೆನೆದರೆ ಕಟ್ಟು ದಪ್ಪವಾಗುತ್ತದೆ, ಕಡ್ಡಿ ಉದ್ದವಾಗುವುದಿಲ್ಲ. ಹಲಗೆಯ ಉದ್ದದಲ್ಲಿ ಆಗುವ ಬದಲಾವಣೆ ಲೆಕ್ಕಕ್ಕೆ ಇಲ್ಲದಷ್ಟು ಸಣ್ಣದು, ಇರುವ ಆಟವೆಲ್ಲ ಅಗಲದಲ್ಲಿ. ತೇಗ ಕಡಿಮೆ ಅಲುಗುವ ಮರವೆಂದು ಹೆಸರಾದದ್ದು. ಆದರೂ 2 ಅಡಿ ಅಗಲದ ತೇಗದ ಮೇಲ್ಹಲಗೆ, ತೇವಾಂಶ ಶೇ. 5ರಷ್ಟು ಏರಿಳಿದರೆ, ಕೊಯ್ದ ರೀತಿಗೆ ತಕ್ಕಂತೆ ಸುಮಾರು 3ರಿಂದ 6 ಮಿಲಿಮೀಟರ್ ಹಿಗ್ಗಿ ಕುಗ್ಗುತ್ತದೆ. ಆ ಹಲಗೆಯನ್ನು ಕೆಳಗಿನ ಅಡ್ಡಪಟ್ಟಿಗಳಿಗೆ ಸುತ್ತಲೂ ಸ್ಕ್ರೂ ಬಿಗಿದು, ಮೇಲೆ ಅಂಟನ್ನೂ ಹಚ್ಚಿ ಕೂರಿಸಿದರೆ ಅದಕ್ಕೆ ಹೋಗಲು ಜಾಗವೇ ಇರುವುದಿಲ್ಲ. ಕೊನೆಗೆ ನಡುವೆ ಸೀಳು ಬಿಡುತ್ತದೆ. ಆಗ ಮನೆಯವರೆಲ್ಲ ಮರ ಕೊಟ್ಟ ಅಂಗಡಿಯನ್ನು ಬೈಯುತ್ತಾರೆ.

ಇದಕ್ಕೆ ಉತ್ತರ ನಮ್ಮ ಹಳೆಯ ಮನೆಗಳ ಬಾಗಿಲಿನಲ್ಲೇ ಇದೆ. ಚೌಕಟ್ಟು ಹಾಕಿ ಮಾಡಿದ ಬಾಗಿಲನ್ನು ಹತ್ತಿರ ಹೋಗಿ ನೋಡಿ. ನಡುವಿನ ಹಲಗೆಗೆ ಅಂಟಾಗಲಿ ಮೊಳೆಯಾಗಲಿ ಇರುವುದಿಲ್ಲ, ಚೌಕಟ್ಟಿನ ಗಾಡಿಯೊಳಗೆ, ಅಂದರೆ ಅಂಚಿನುದ್ದಕ್ಕೂ ತೋಡಿದ ಕಾಲುವೆಯೊಳಗೆ, ಅದು ಸುಮ್ಮನೆ ಕೂತಿರುತ್ತದೆ. ಬೇಸಿಗೆಯಲ್ಲಿ ಅದು ಕುಗ್ಗಿದಾಗ ಅಂಚಿನಲ್ಲಿ ಬಣ್ಣ ತಾಗದ ಒಂದು ಸಣ್ಣ ಗೆರೆ ಕಾಣಿಸುತ್ತದೆ. ಹಲಗೆ ಓಡಾಡುತ್ತಿದೆ ಎಂಬುದಕ್ಕೆ ಆ ಗೆರೆಯೇ ಸಾಕ್ಷಿ. ಟೇಬಲ್ ಮಾಡುವವರೂ ಇದೇ ಉಪಾಯ ಹೂಡಬೇಕು. ಅಡ್ಡಪಟ್ಟಿಯಲ್ಲಿ ಸ್ಕ್ರೂಗೆ ದುಂಡು ತೂತಿನ ಬದಲು ಹಲಗೆಯ ಅಗಲದ ದಿಕ್ಕಿಗೆ ಉದ್ದವಾದ ತೂತು ಕೊರೆದು, ವಾಷರ್ ಹಾಕಿ ಬಿಗಿದರೆ ಸಾಕು. ಹಲಗೆ ಕೆಳಕ್ಕೆ ಕಚ್ಚಿಕೊಂಡೂ ಇರುತ್ತದೆ, ಪಕ್ಕಕ್ಕೆ ಜರುಗಲು ಬಿಡುವೂ ಇರುತ್ತದೆ.

ಅಂಗಡಿಯಲ್ಲಿ ‘ಸೀಸನ್ ಆಗಿದೆ’ ಎಂದು ಹೇಳಿ ಕೊಡುವ ಮರ ಎಷ್ಟೋ ಸಲ ಮೇಲ್ಮೈಯಲ್ಲಷ್ಟೇ ಒಣಗಿರುತ್ತದೆ. ತೇವ ಅಳೆಯುವ ಮೀಟರ್ ಸಿಗುತ್ತದೆ. ಅದಿಲ್ಲದವರಿಗೆ ಅಡುಗೆಮನೆಯ ತಕ್ಕಡಿಯೇ ಸಾಕು. ಹಲಗೆಗಳ ನಡುವೆ ಒಂದೇ ದಪ್ಪದ ರೀಪು ಕೊಟ್ಟು, ನೆರಳಿನಲ್ಲಿ, ಪೀಠೋಪಕರಣ ಇಡಬೇಕೆಂದಿರುವ ಕೋಣೆಯಲ್ಲೇ ಪೇರಿಸಿಡಿ. ಅದರಲ್ಲೊಂದು ಸಣ್ಣ ತುಂಡನ್ನು ವಾರಕ್ಕೊಮ್ಮೆ ತೂಗಿ ಬರೆದಿಡಿ. ತೂಕ ಇಳಿಯುವುದು ನಿಂತ ಮೇಲೆ ಕೆಲಸ ಶುರುಮಾಡಿ. ಈ ಕಾಯುವಿಕೆ ಬೇಸರ ತರಿಸುತ್ತದೆ, ನಿಜ. ಆದರೆ ಹೊಸಬರು ತಮ್ಮ ಮರಕ್ಕೆ ಮಾಡಬಹುದಾದ ಅತಿ ದೊಡ್ಡ ಉಪಕಾರ ಇದು.

ನಂಬಿಕೆ: ಮೊಳೆ ಹೆಚ್ಚಾದಷ್ಟೂ ಗಟ್ಟಿ, ಅಂಟು ಬರೀ ಆಸರೆಗೆ

ಬಿಳಿ ಮರದಂಟನ್ನು ಸರಿಯಾದ ಕಡೆ ಹಚ್ಚಿ, ಕ್ಲ್ಯಾಂಪಿನಿಂದ ಬಿಗಿದು, ಒಂದು ದಿನ ಪೂರ್ತಿ ಮುಟ್ಟದೆ ಬಿಟ್ಟರೆ ಆ ಕೂಡಿಕೆ ಮರಕ್ಕಿಂತ ಗಟ್ಟಿ. ಒತ್ತಿ ಮುರಿದರೆ ಅಂಟಿನ ಗೆರೆ ಬಿಟ್ಟು ಪಕ್ಕದ ಮರವೇ ಸೀಳುತ್ತದೆ. ಸರಿಯಾದ ಕಡೆ ಎಂದರೆ ನಾರಿನ ಪಕ್ಕಕ್ಕೆ ನಾರಿನ ಪಕ್ಕ ತಾಗುವ ಜಾಗ. ಹಲಗೆಯ ತುದಿಯನ್ನು, ಅಂದರೆ ನಾರುಗಳು ಕತ್ತರಿಸಿ ನಿಂತ ಮುಖವನ್ನು, ಇನ್ನೊಂದು ಹಲಗೆಗೆ ಬರೀ ಅಂಟಿನಿಂದ ಕೂಡಿಸಿದರೆ ಭಾರ ಬಿದ್ದಾಗ ಬೇಗ ಬಿಡುತ್ತದೆ. ತುದಿಯ ಮುಖಕ್ಕೆ ಬಿಗಿದ ಸ್ಕ್ರೂನ ಹಿಡಿತವೂ ಅಷ್ಟಕ್ಕಷ್ಟೆ. ಇದಕ್ಕೇ ಬಡಗಿಗಳು ಒಂದು ತುಂಡಿನಲ್ಲಿ ನಾಲಗೆ ತೆಗೆದು, ಇನ್ನೊಂದರಲ್ಲಿ ತೂತು ತೋಡಿ ಕೂಡಿಸುವುದು. ಹಾಗೆ ಮಾಡಿದಾಗ ನಾರಿನ ಪಕ್ಕಗಳು ಒಂದಕ್ಕೊಂದು ತಾಗಿ ಅಂಟಿಗೆ ಹಿಡಿತ ಸಿಗುತ್ತದೆ.

ಒಂದೇ ಸಾಲಿನಲ್ಲಿ ಒತ್ತೊತ್ತಾಗಿ ಹೊಡೆದ ಮೊಳೆಗಳು ಎಲ್ಲವೂ ಒಂದೇ ನಾರಿನ ಎಳೆಯನ್ನು ಬಿಡಿಸುವುದರಿಂದ ಹಲಗೆ ಸೀಳುತ್ತದೆ. ಸ್ಕ್ರೂಗೆ ಮೊದಲು ಸಣ್ಣ ಡ್ರಿಲ್ ಬಿಟ್‌ನಿಂದ ದಾರಿ ಕೊರೆಯಬೇಕು. ತೇಗದಂಥ ಮರದ ಅಂಚಿನಲ್ಲಂತೂ ಇದನ್ನು ಬಿಡಲೇಬಾರದು.

ಹಾಗೆಂದು ಮೊಳೆಯನ್ನು ಹೀಗಳೆಯಬೇಕಿಲ್ಲ. ಇಟಲಿಯ ವಿನ್ಯಾಸಕಾರ ಎಂಜೊ ಮಾರಿ 1974ರಲ್ಲಿ, ಅಂಗಡಿಯಲ್ಲಿ ಸಿಗುವ ಸಾಧಾರಣ ಹಲಗೆ ಮತ್ತು ಮೊಳೆಗಳಿಂದಲೇ ಯಾರು ಬೇಕಾದರೂ ಮಾಡಿಕೊಳ್ಳಬಹುದಾದ ಮೇಜು, ಕುರ್ಚಿ, ಮಂಚಗಳ ನಕ್ಷೆಗಳನ್ನು ಪ್ರಕಟಿಸಿದರು. ಅಂಚೆ ಖರ್ಚು ಕಳಿಸಿದವರಿಗೆ ನಕ್ಷೆ ಸಿಗುತ್ತಿತ್ತು. ಆ ಮೇಜುಗಳನ್ನು ನಿಲ್ಲಿಸಿದ್ದು ಮೊಳೆಗಳ ಸಂಖ್ಯೆಯಲ್ಲ, ಓರೆಯಾಗಿ ಹಾಕಿದ ಹಲಗೆಗಳು ರಚಿಸುವ ತ್ರಿಕೋನಗಳು. ನಾಲ್ಕು ಕಾಲು, ಮೇಲೊಂದು ಹಲಗೆ ಅಷ್ಟೇ ಇದ್ದರೆ ಎಂಥ ಮೊಳೆ ಹೊಡೆದರೂ ಪಕ್ಕಕ್ಕೆ ವಾಲಾಡುತ್ತದೆ. ಒಂದು ಓರೆ ರೀಪು ಹಾಕಿ ನೋಡಿ, ವಾಲಾಟ ನಿಲ್ಲುತ್ತದೆ.

ನಂಬಿಕೆ: ತೇಗವೇ ಎಲ್ಲಕ್ಕಿಂತ ಗಟ್ಟಿ, ಉಳಿದದ್ದು ಮರವೇ ಅಲ್ಲ

ತೇಗದ ಹಿರಿಮೆ ಅದರ ಬಲದಲ್ಲಿಲ್ಲ. ಅದು ಮಧ್ಯಮ ತೂಕದ ಮರ, ಘನಮೀಟರಿಗೆ ಸುಮಾರು 650 ಕಿಲೋ. ನಮ್ಮ ಕಾಡಿನ ಮತ್ತಿ ಅದಕ್ಕಿಂತ ಭಾರ, ಬಲವೂ ಹೆಚ್ಚು. ತೇಗಕ್ಕೆ ಬೆಲೆ ಬಂದದ್ದು ಅದು ಕಡಿಮೆ ಅಲುಗುತ್ತದೆ, ಅದರೊಳಗಿನ ಎಣ್ಣೆಯಂಶದಿಂದಾಗಿ ಗೆದ್ದಲಿಗೂ ಕೊಳೆತಕ್ಕೂ ಜಗ್ಗುವುದಿಲ್ಲ ಎಂಬ ಕಾರಣಕ್ಕೆ. ಅದೂ ನಡುವಿನ ಕೆಚ್ಚಿನ ಮಾತು. ಹೊರಗಿನ ಬಿಳಿ ಭಾಗವನ್ನು ಗೆದ್ದಲೂ ಹುಳುವೂ ಆರಾಮಾಗಿ ತಿನ್ನುತ್ತವೆ. ಕಡಿಮೆ ಬೆಲೆಗೆ ‘ಪಕ್ಕಾ ಸಾಗುವಾನಿ’ ಎಂದು ಕೊಟ್ಟ ಹಲಗೆಯ ಅಂಚು ಬೆಳ್ಳಗಿದ್ದರೆ ಆ ಭಾಗ ತೆಗೆಸಿ ಹಾಕಿ.

ಕಲಿಯುವವರ ಮೊದಲ ತುಂಡಿಗೆ ತೇಗ ತಂದು ಕೊಯ್ಯುವುದು ನನಗೆ ಸರಿ ಕಾಣದು. ಮಲೆನಾಡು, ಕರಾವಳಿಗಳಲ್ಲಿ ಬಾಗಿಲು ಕಿಟಕಿಗೆ ತಲೆಮಾರುಗಳಿಂದ ಬಳಸಿದ ಹಲಸು ಇದೆ. ವೀಣೆಗೂ ಮೃದಂಗಕ್ಕೂ ಇದೇ ಮರ. ಹೊಸದಾಗಿ ಕೊಯ್ದಾಗ ಹಳದಿಯಾಗಿರುವ ಹಲಸು ವರ್ಷ ಕಳೆದಂತೆ ಹೊಂಬಣ್ಣದಿಂದ ಕಂದಿಗೆ ತಿರುಗುವ ಚೆಂದವನ್ನು ತೇಗ ಕೊಡಲಾರದು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೆಂದು ಬೆಳೆಸಿದ ಸಿಲ್ವರ್ ಓಕ್ ಇದೆ, ಹಳೆ ಮನೆ ಒಡೆದಾಗ ಬರುವ ತೊಲೆ, ಜಂತೆಗಳಿವೆ. ಹಳೆ ಮರ ಕೊಂಡರೆ ಒಳಗೆ ಮುರಿದುಳಿದ ಮೊಳೆಗಳನ್ನು ಅಯಸ್ಕಾಂತ ಹಿಡಿದು ಹುಡುಕಿ ತೆಗೆದ ಮೇಲೆಯೇ ಗರಗಸ ಇಡಬೇಕು. ಸಾಮಾನು ಬಂದ ಪ್ಯಾಕಿಂಗ್ ಪ್ಯಾಲೆಟ್ ಬಳಸುವವರು ಅದರ ಮೇಲಿನ ಮುದ್ರೆ ನೋಡಿ: ಎಚ್‌ಟಿ ಎಂದಿದ್ದರೆ ಬಿಸಿ ಹಾಯಿಸಿದ್ದು, ಎಂಬಿ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷದ ಹೊಗೆ ಹಾಕಿದ್ದು. ಎರಡನೆಯದನ್ನು ಮನೆಯೊಳಗೆ ತರಬೇಡಿ.

ನಂಬಿಕೆ: ಪ್ಲೈವುಡ್ ನಕಲಿ ಮರ, ತಂದರೂ ‘ಮರೀನ್’ ಆದರೆ ನೀರಿಗೆ ಏನೂ ಆಗದು

ಪ್ಲೈವುಡ್ ಮರವೇ. ತೆಳು ಪದರಗಳನ್ನು ಒಂದರ ಮೇಲೊಂದು ಅಡ್ಡಡ್ಡ ನಾರು ಬರುವಂತೆ ಅಂಟಿಸಿರುತ್ತಾರೆ. ಒಂದು ಪದರ ಹಿಗ್ಗಲು ಹೊರಟರೆ ಅದರ ಮೇಲಿನದು ತಡೆಯುತ್ತದೆ. ಹಿಗ್ಗುವ ಕುಗ್ಗುವ ತಲೆನೋವು ಬಹುಮಟ್ಟಿಗೆ ತಪ್ಪುವುದರಿಂದ ಹೊಸಬರಿಗೆ ಒಳ್ಳೆಯದೇ. ಐಎಸ್ 710 ಗುರುತಿನ ಮರೀನ್ ಪ್ಲೈಯನ್ನು 72 ಗಂಟೆ ನೀರಿನಲ್ಲಿ ಕುದಿಸಿ ಪರೀಕ್ಷಿಸುತ್ತಾರೆ. ಆ ಪರೀಕ್ಷೆ ಮುಖ್ಯವಾಗಿ ಅಂಟಿನದು. ಕೊಯ್ದ ಅಂಚನ್ನು ಹಾಗೇ ಬಿಟ್ಟರೆ ಅಲ್ಲಿಂದ ನೀರು ಒಳಗೆ ಹೋಗುತ್ತದೆ. ಅಂಚಿಗೆ ಪಟ್ಟಿ ಹೊಡೆದು ಪಾಲಿಶ್ ಬಳಿಯಬೇಕು.

ಪ್ಲೈನಲ್ಲಿ ಪುಸ್ತಕದ ಶೆಲ್ಫ್ ಮಾಡುವಾಗ ಒಂದು ಲೆಕ್ಕ ಗೊತ್ತಿರಲಿ. ಒಂದು ಅಡಿ ಸಾಲು ಪುಸ್ತಕ ಸುಮಾರು 10 ಕಿಲೋ ತೂಗುತ್ತದೆ. ಹಲಗೆಯ ಉದ್ದ ಎರಡರಷ್ಟಾಗಿ, ಉದ್ದಕ್ಕೂ ಅದೇ ಪ್ರಮಾಣದಲ್ಲಿ ಪುಸ್ತಕ ತುಂಬಿದರೆ, ನಡುವೆ ಜೋತುಬೀಳುವುದು ಎರಡರಷ್ಟಲ್ಲ, 16ರಷ್ಟು. ದಪ್ಪ ಎರಡರಷ್ಟಾದರೆ ಜೋತುಬೀಳುವುದು ಎಂಟನೇ ಒಂದಕ್ಕೆ ಇಳಿಯುತ್ತದೆ. ಆದ್ದರಿಂದ 18 ಮಿ.ಮೀ. ಪ್ಲೈಗೆ ಎರಡೂವರೆ ಅಡಿಗೊಂದು ಆಧಾರ ಕೊಡಿ. ಇಲ್ಲವೇ ಮುಂದಿನ ಅಂಚಿನ ಕೆಳಗೆ ಒಂದೂವರೆ ಅಂಗುಲದ ರೀಪನ್ನು ನಿಲ್ಲಿಸಿ ಅಂಟಿಸಿ.

ನಂಬಿಕೆ: ಮಷಿನ್ ಇಲ್ಲದೆ ಆಗದು, ಉಳಿ ಮೊಂಡಾಗಿದ್ದರೆ ಕೈಗೆ ಕ್ಷೇಮ

ಮೊದಲ ಬೆಂಚಿಗೆ ಬೇಕಾದದ್ದು ಇಷ್ಟು: ಗರಗಸ, ಮೂಲೆಮಟ್ಟ, ಟೇಪು, ಒಂದು ಉಳಿ, ಕೊಡತಿ, ಡ್ರಿಲ್, ನಾಲ್ಕು ಕ್ಲ್ಯಾಂಪ್. ಹಲಗೆ ಸೀಳುವುದು, ದಪ್ಪ ಸಮ ಮಾಡುವುದು ಸಾಮಿಲ್‌ನಲ್ಲಿ ಆಗುತ್ತದೆ. ಪ್ಲೈ ಅಂಗಡಿಯಲ್ಲಿ ಅಳತೆ ಕೊಟ್ಟರೆ ಕತ್ತರಿಸಿಯೂ ಕೊಡುತ್ತಾರೆ.

ಒಂದು ವಿಷಯದಲ್ಲಿ ನಾನು ಕೈಮುಗಿದು ಕೇಳಿಕೊಳ್ಳುತ್ತೇನೆ. ಕಲ್ಲು, ಟೈಲ್ಸ್ ಕತ್ತರಿಸುವ ಮಾರ್ಬಲ್ ಕಟ್ಟರ್‌ಗೆ ಮರದ ಬ್ಲೇಡ್ ಸಿಕ್ಕಿಸಿ ಬಳಸುವ ರೂಢಿ ನಮ್ಮಲ್ಲಿ ಹಬ್ಬಿದೆ. ಅದು ನಿಮಿಷಕ್ಕೆ 12,000 ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ, ಹಲ್ಲಿನ ಬ್ಲೇಡಿಗೆ ಬೇಕಾದ ರಕ್ಷಣೆ ಅದಕ್ಕಿಲ್ಲ. ಬ್ಲೇಡ್ ಮರದಲ್ಲಿ ಕಚ್ಚಿಕೊಂಡರೆ ಮಷಿನ್ ಕೈಯಿಂದ ಹಾರಿ ಹಿಂದಕ್ಕೆ ಬರುತ್ತದೆ. ದಯವಿಟ್ಟು ಬೇಡ.

ಉಳಿಯ ಮಾತಿಗೆ ಬಂದರೆ, ಮೊಂಡು ಉಳಿಯೇ ಅಪಾಯ. ಅದಕ್ಕೆ ಬಲ ಹಾಕಬೇಕು, ಬಲ ಹಾಕಿದಾಗ ಜಾರುತ್ತದೆ. ಅಂಗಡಿಯಿಂದ ತಂದ ಹೊಸ ಉಳಿಯೂ ಹರಿತವಾಗಿರುವುದಿಲ್ಲ. ಮೊದಲು ಅದರ ಬೆನ್ನನ್ನು ಸಾಣೆಕಲ್ಲಿನ ಮೇಲೆ ಸಪಾಟಾಗಿ ಉಜ್ಜಿ, ಆಮೇಲೆ ಓರೆ ಮುಖವನ್ನು ಸುಮಾರು 25 ಡಿಗ್ರಿ ಕೋನದಲ್ಲಿ ಮಸೆಯಬೇಕು. ಮೆದು ಮರದ ತುದಿಯ ಮುಖವನ್ನು ಹೆರೆದು ನೋಡಿ: ನಾರು ಹಿಂಜದೆ ನುಣುಪಾಗಿ ಹೊಳೆದರೆ ಉಳಿ ಸಿದ್ಧ, ಬೆಳ್ಳಗೆ ಪುಡಿಯಾದರೆ ಇನ್ನೂ ಮಸೆಯಬೇಕು. ಹೆರೆಯುವಾಗ ಎರಡೂ ಕೈ ಅಲಗಿನ ಹಿಂದೆಯೇ ಇರಲಿ. ಮರದ ಧೂಳನ್ನೂ ಹಗುರವಾಗಿ ಎಣಿಸಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಅದನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಸ್ಯಾಂಡ್‌ಪೇಪರ್ ಉಜ್ಜುವಾಗ ಮಾಸ್ಕ್ ಇರಲೇಬೇಕು.

ಕೌಶಲ ಹುಟ್ಟಿನಿಂದ ಬರಬೇಕು ಎಂಬ ಮಾತೂ ಇದರ ಜೊತೆಗೇ ಕೇಳಿಬರುತ್ತದೆ. ತಲೆಮಾರುಗಳಿಂದ ಬಂದ ಆಚಾರಿಗಳ ಕೈಚಳಕ ದೊಡ್ಡದು. ಆದರೆ ಒಂದು ಬೆಂಚಿಗೆ ಬೇಕಾದ ಕರಾರುವಾಕ್ಕುತನವನ್ನು ಯಾರು ಬೇಕಾದರೂ ಕಲಿಯಬಹುದು. ನಾಲ್ಕು ಕಾಲುಗಳನ್ನು ಬೇರೆಬೇರೆಯಾಗಿ ಟೇಪಿನಿಂದ ಅಳೆಯುವ ಬದಲು ಒಟ್ಟಿಗೆ ಜೋಡಿಸಿ ಹಿಡಿದು ಒಂದೇ ಗೆರೆ ಎಳೆಯಿರಿ. ಗರಗಸದ ಹಲ್ಲು ತಾನೂ ಒಂದೆರಡು ಮಿಲಿಮೀಟರ್ ತಿನ್ನುವುದರಿಂದ ಗೆರೆಯ ಮೇಲೆ ಕೊಯ್ಯದೆ, ಬಿಸಾಡುವ ತುಂಡಿನ ಕಡೆಗೆ ಕೊಯ್ಯಿರಿ. ಚೌಕಟ್ಟು ಜೋಡಿಸಿದ ಮೇಲೆ ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆಯಿರಿ. ಎದುರುಬದುರಿನ ಬದಿಗಳು ಸಮವಿದ್ದು ಕರ್ಣಗಳೂ ಸಮವಾದರೆ ಚೌಕಟ್ಟು ಮಟ್ಟಸ.

ನಂಬಿಕೆ: ಅಂಗಡಿಗಿಂತ ಅಗ್ಗ, ಮೊದಲು ಕುರ್ಚಿ ಮಾಡಿದರೆ ಸುಲಭ

ಮೊದಲ ತುಂಡು ಅಗ್ಗವಾಗುವುದಿಲ್ಲ. ಉಪಕರಣದ ಖರ್ಚು ಸೇರಿದರೆ ಅಂಗಡಿಯ ಬೆಂಚೇ ಕಡಿಮೆ ಬೆಲೆಗೆ ಬಂದೀತು. ಸಿಗುವ ಲಾಭ ಬೇರೆ ಥರದ್ದು: ಒತ್ತಿದ ಪುಡಿಯ ಹಲಗೆಯ ಬದಲು ಗಟ್ಟಿ ಮರ, ನಿಮ್ಮ ಗೋಡೆಗೆ ತಕ್ಕ ಅಳತೆ, ಸಡಿಲವಾದರೆ ಬಿಚ್ಚಿ ಕೂಡಿಸುವ ತಿಳಿವಳಿಕೆ. ಕುರ್ಚಿ ಎಲ್ಲಕ್ಕಿಂತ ಕಷ್ಟದ್ದು. ಕೂತವರು ಹಿಂದಕ್ಕೆ ಒರಗಿದಾಗಲೆಲ್ಲ ಹಿಂಗಾಲಿನ ಕೂಡಿಕೆಯನ್ನು ತಿರುಚುತ್ತಾರೆ, ಮೇಲಾಗಿ ಅದರ ಕೋನಗಳು ನೇರವಾಗಿರುವುದಿಲ್ಲ. 17-18 ಅಂಗುಲ ಎತ್ತರದ ಬೆಂಚಿನಿಂದ ಶುರುಮಾಡಿ.

ನಂಬಿಕೆ: ಪಾಲಿಶ್ ಬಳಿದರೆ ತೇವ ಒಳಹೋಗದು, ಎಣ್ಣೆ ಯಾವುದಾದರೂ ಸರಿ

ಯಾವ ಪಾಲಿಶ್ ಕೂಡ ತೇವವನ್ನು ಪೂರ್ತಿ ತಡೆಯದು, ನಿಧಾನ ಮಾಡುತ್ತದೆ ಅಷ್ಟೆ. ಮೇಲ್ಮುಖಕ್ಕೆ ಮಾತ್ರ ಬಳಿದು ಕೆಳಮುಖ ಬಿಟ್ಟರೆ ಎರಡೂ ಕಡೆ ಬೇರೆಬೇರೆ ವೇಗದಲ್ಲಿ ತೇವ ಹೀರಿ ಹಲಗೆ ಡೊಂಕಾಗುತ್ತದೆ. ಕಾಣದ ಮುಖಕ್ಕೂ ಅಷ್ಟೇ ಸಲ ಬಳಿಯಿರಿ. ಅರಗಿನ ಚಕ್ಕೆಯನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಹಚ್ಚುವ ಫ್ರೆಂಚ್ ಪಾಲಿಶ್ ನೋಡಲು ಬಹಳ ಚೆಂದ, ಆದರೆ ಬಿಸಿ ಲೋಟ ಇಟ್ಟರೆ ಬಿಳಿ ಉಂಗುರ ಉಳಿಯುತ್ತದೆ. ಊಟದ ಮೇಜಿಗೆ ಅದು ಹೊಂದದು.

ತೆಂಗಿನೆಣ್ಣೆ ಎಷ್ಟು ದಿನ ಬಿಟ್ಟರೂ ಒಣಗುವುದಿಲ್ಲ. ಮರದ ಮೇಲೆ ಜಿಡ್ಡಾಗಿ ಉಳಿದು ಧೂಳು ಹಿಡಿಯುತ್ತದೆ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕದೊಡನೆ ಸೇರಿ ಗಟ್ಟಿಯಾಗುತ್ತದೆ, ಅದಕ್ಕೇ ಅದು ಮರಕ್ಕೆ ಒಗ್ಗುವುದು. ಕರಾವಳಿಯಲ್ಲಿ ದೋಣಿಗೂ ಮನೆಯ ಮರಕ್ಕೂ ಹಚ್ಚುವ ಗೇರೆಣ್ಣೆಯೂ ಒಳ್ಳೆಯದೇ, ಆದರೆ ಬರಿಗೈಗೆ ತಾಗಿದರೆ ಚರ್ಮ ಸುಡುತ್ತದೆ. ಅಗಸೆ ಎಣ್ಣೆ ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಆ ಬಿಸಿ ಒಳಗೇ ಕೂಡಿ, ಕಿಡಿ ತಾಗದಿದ್ದರೂ, ಕೆಲವು ಗಂಟೆಗಳಲ್ಲಿ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಕೆಲಸ ಮುಗಿದ ಕೂಡಲೇ ಬಟ್ಟೆಯನ್ನು ಬಿಡಿಸಿ, ಒಂಟಿ ಪದರವಾಗಿ ಹೊರಗಿನ ತಂತಿಯ ಮೇಲೆ ಹರವಿ. ಪೂರ್ತಿ ಒಣಗಿ ಗಡುಸಾದ ಮೇಲಷ್ಟೇ ಕಸಕ್ಕೆ ಹಾಕಿ.