ಫ್ಲಾಯ್ಡ್ ರೋಸ್‌ಗಾಗಿ ಗಿಟಾರ್ ಕೊರೆಯೋ ಮುಂಚೆ: ‘ಲೈಸೆನ್ಸ್ಡ್’ ಅನ್ನೋ ಪದ ಯಾವುದಕ್ಕೆ ಗ್ಯಾರಂಟಿ?

ಮೆಟಲ್ ಕೇಳಿ ಬೆಳೆದವರಿಗೆಲ್ಲ ಆ ಸದ್ದು ಗೊತ್ತು. ಸೋಲೋ ನಡುವೆ ಗಿಟಾರ್‌ನ ಸ್ವರ ಬಾವಿಗೆ ಬಿಟ್ಟ ಕೊಡದ ಹಾಗೆ ಸರ್ರನೆ ಕೆಳಗಿಳಿಯುತ್ತೆ, ಮರುಕ್ಷಣ ಏನೂ ಆಗೇ ಇಲ್ಲ ಅನ್ನೋ ಹಾಗೆ ಸರಿಯಾದ ಶ್ರುತಿಗೆ ವಾಪಸ್ ಬಂದು ನಿಲ್ಲುತ್ತೆ. ಇದನ್ನು ಸಾಧ್ಯ ಮಾಡೋದು ಲಾಕಿಂಗ್ ಟ್ರೆಮೊಲೊ ಬ್ರಿಡ್ಜ್. ಅದನ್ನು ರೂಪಿಸಿದವರ ಹೆಸರಲ್ಲೇ ಜನ ಅದನ್ನು ಫ್ಲಾಯ್ಡ್ ರೋಸ್ ಅಂತಾರೆ.

ಆನ್‌ಲೈನ್‌ನಲ್ಲಿ ಹುಡುಕಿದರೆ ನೋಡೋಕೆ ಒಂದೇ ಥರ ಇರುವ ಎರಡು ಬ್ರಿಡ್ಜ್ ಸಿಗುತ್ತವೆ. ಒಂದರ ಬೆಲೆ ಇನ್ನೊಂದರ ಹಲವು ಪಟ್ಟು. ಅಗ್ಗದ್ದರ ಮೇಲೂ ಸಣ್ಣ ಅಕ್ಷರಗಳಲ್ಲಿ ‘ಲೈಸೆನ್ಸ್ಡ್ ಅಂಡರ್ ಫ್ಲಾಯ್ಡ್ ರೋಸ್ ಪೇಟೆಂಟ್ಸ್’ ಅಂತ ಕೊರೆದಿರುವುದುಂಟು. ಹಾಗಾದ್ರೆ ಅಸಲಿಯೇ ಅಲ್ವಾ ಅಂತ ನಂಬಿ, ಇರೋ ಒಂದೇ ಗಿಟಾರ್‌ನ ಮರಕ್ಕೆ ರೂಟರ್ ಮೆಷಿನ್ ಇಡುವವರಿದ್ದಾರೆ. ಬ್ರಿಡ್ಜ್ ಕೈಕೊಟ್ಟರೆ ಬದಲಾಯಿಸಬಹುದು. ಕೊರೆದ ಮರ ವಾಪಸ್ ಬರಲ್ಲ. ಅದಕ್ಕೇ ಆ ಪದದ ಅರ್ಥ ಮೊದಲೇ ತಿಳಿದುಕೊಳ್ಳಬೇಕು.

ಬೀಗ ಯಾಕೆ ಬೇಕಾಯ್ತು?

1954ರಲ್ಲಿ ಬಂದ ಫೆಂಡರ್ ಸ್ಟ್ರಾಟೊಕ್ಯಾಸ್ಟರ್‌ನಲ್ಲೇ ಅಲುಗಾಡುವ ಬ್ರಿಡ್ಜ್ ಇತ್ತು. ಮುಂದೆ ತಂತಿಗಳು ಎಳೆಯುತ್ತವೆ, ಬಾಡಿಯ ಹಿಂಬದಿಯ ಗೂಡಿನಲ್ಲಿರುವ ಸ್ಪ್ರಿಂಗ್‌ಗಳು ಆ ಎಳೆತಕ್ಕೆ ಎದುರಾಗಿ ಹಿಡಿಯುತ್ತವೆ. ಕಡ್ಡಿ ಒತ್ತಿದರೆ ತಂತಿ ಸಡಿಲವಾಗಿ ಸ್ವರ ಇಳಿಯುತ್ತೆ. ನಿಜ ಹೇಳಬೇಕಂದ್ರೆ ಸ್ವರ ಏರಿಳಿದರೆ ಅದು ವೈಬ್ರೆಟೊ. ಟ್ರೆಮೊಲೊ ಅಂದ್ರೆ ಸದ್ದಿನ ಗಾತ್ರ ಏರಿಳಿಯೋದು. ಲಿಯೊ ಫೆಂಡರ್ ಇಟ್ಟ ತಪ್ಪು ಹೆಸರೇ ಉಳಿದುಕೊಂಡಿತು.

ತೊಂದರೆ ಇದ್ದದ್ದು ವಾಪಸ್ ಬರುವಾಗ. ಸಡಿಲವಾದ ತಂತಿ ನಟ್‌ನ ಸಂದಿಯಲ್ಲಿ ಜಾರುತ್ತೆ, ಬಿರಡೆಗೆ ಸುತ್ತಿದ ಸುತ್ತುಗಳು ಅಲ್ಲಾಡುತ್ತವೆ. ಕಡ್ಡಿ ಬಿಟ್ಟಾಗ ತಂತಿ ಮೊದಲಿದ್ದ ಜಾಗಕ್ಕೇ ಬರುತ್ತೆ ಅನ್ನೋ ಖಾತ್ರಿ ಇಲ್ಲ, ಶ್ರುತಿ ಕೆಡುತ್ತೆ.

ಆಭರಣ ಮಾಡುವ ಕೆಲಸವೂ ಗೊತ್ತಿದ್ದ ಅಮೆರಿಕದ ಗಿಟಾರ್ ವಾದಕ ಫ್ಲಾಯ್ಡ್ ರೋಸ್ 70ರ ದಶಕದಲ್ಲಿ ಕಂಡುಕೊಂಡ ಉತ್ತರ ಸರಳ: ತಂತಿಯನ್ನು ಎರಡೂ ತುದಿಯಲ್ಲಿ ಬಿಗಿದುಬಿಡಿ. ಒಂದು ಬೀಗ ನಟ್‌ನಲ್ಲಿ, ಇನ್ನೊಂದು ಬ್ರಿಡ್ಜ್‌ನಲ್ಲಿ. ನಡುವಿನ ತಂತಿಗೆ ಜಾರೋಕೆ ಜಾಗವೇ ಇರಲ್ಲ. 1979ರಲ್ಲಿ ಪೇಟೆಂಟ್ ಸಿಕ್ಕಿತು. ನಟ್ ಬಿಗಿದ ಮೇಲೆ ಬಿರಡೆ ತಿರುಗಿಸಿ ಪ್ರಯೋಜನವಿಲ್ಲವಲ್ಲ, ಅದಕ್ಕೆ ನಂತರ ಬ್ರಿಡ್ಜ್ ಮೇಲೆಯೇ ಸಣ್ಣ ಫೈನ್ ಟ್ಯೂನರ್‌ಗಳು ಬಂದವು. ಎಡ್ಡಿ ವ್ಯಾನ್ ಹೇಲನ್ ಕೈಗೆ ಸಿಕ್ಕ ಮೇಲೆ 80ರ ದಶಕದ ರಾಕ್ ಗಿಟಾರ್‌ನ ಸದ್ದೇ ಬದಲಾಯಿತು.

ಲೈಸೆನ್ಸ್ ಕೊಟ್ಟದ್ದು ವಿನ್ಯಾಸಕ್ಕೆ, ಲೋಹಕ್ಕಲ್ಲ

ಪೇಟೆಂಟ್ ಅಂದ್ರೆ ಸರ್ಕಾರ ಒಂದು ಅವಧಿಗೆ ಕೊಡುವ ಏಕಸ್ವಾಮ್ಯ. ಆಗಿನ ಅಮೆರಿಕದ ಕಾನೂನಿನಲ್ಲಿ ಪೇಟೆಂಟ್ ಸಿಕ್ಕ ದಿನದಿಂದ 17 ವರ್ಷ. ಆ ಅವಧಿಯಲ್ಲಿ ಬೇರೆ ಕಂಪನಿಗಳು ಈ ವಿನ್ಯಾಸ ಬಳಸಬೇಕಂದ್ರೆ ಹಣ ಕೊಟ್ಟು ಅನುಮತಿ ಪಡೀಬೇಕು. ‘ಲೈಸೆನ್ಸ್ಡ್’ ಅಂದ್ರೆ ಇಷ್ಟೇ. ಯಾವ ಉಕ್ಕು ಬಳಸಿದ್ದಾರೆ, ಅದನ್ನು ಎಷ್ಟು ಗಟ್ಟಿ ಮಾಡಿದ್ದಾರೆ ಅನ್ನೋದನ್ನು ಆ ಪದ ಹೇಳಲ್ಲ.

ಹಾಗಂತ ಲೈಸೆನ್ಸ್ಡ್ ಎಲ್ಲವೂ ಕಳಪೆ ಅಲ್ಲ. ಜಪಾನಿನ ಗೊಟೊ ಬ್ರಿಡ್ಜ್‌ಗಳು, ಐಬನೆಜ್‌ನ ಎಡ್ಜ್ ಎರಡೂ ಲೈಸೆನ್ಸ್ ಪಡೆದು ತಯಾರಾದವೇ. ಗುಣಮಟ್ಟದಲ್ಲಿ ಯಾರಿಗೂ ಕಡಿಮೆಯಿಲ್ಲ. ಇನ್ನೊಂದು ಕಡೆ, ಫ್ಲಾಯ್ಡ್ ರೋಸ್ ಹೆಸರಲ್ಲೇ ಬರುವ ‘ಸ್ಪೆಷಲ್’ ಮಾದರಿಯಲ್ಲಿ ಸ್ಯಾಡಲ್ ಮತ್ತು ಕೆಳಗಿನ ಬ್ಲಾಕ್ ಸತುವಿನ ಮಿಶ್ರಲೋಹದ್ದು. ಜರ್ಮನಿಯಲ್ಲಿ ತಯಾರಾಗುವ ‘ಒರಿಜಿನಲ್’ನಲ್ಲಿ ಸ್ಯಾಡಲ್ ಉಕ್ಕಿನದು, ಬ್ಲಾಕ್ ಹಿತ್ತಾಳೆಯದು. ಅಂದ್ರೆ ಹೆಸರು ನೋಡಿ ತೀರ್ಮಾನ ಮಾಡೋಕಾಗಲ್ಲ, ಲೋಹ ನೋಡಬೇಕು.

ಲೋಹ ಯಾಕೆ ಇಷ್ಟು ಮುಖ್ಯ? ಹಳೇ ಚಿನ್ನದಂಗಡಿಯ ತಕ್ಕಡಿ ನೆನಪಿಸಿಕೊಳ್ಳಿ. ಅದರ ದಂಡಿಗೆ ಒಂದು ಚೂಪು ಅಂಚಿನ ಮೇಲೆ ನಿಂತಿರುತ್ತೆ. ಫ್ಲಾಯ್ಡ್ ರೋಸ್ ಕೂಡ ಹಾಗೇ. ಬ್ರಿಡ್ಜ್‌ನ ಎರಡು ಚಾಕುವಿನಂಥ ಅಂಚುಗಳು ಎರಡು ಕಂಬಗಳಿಗೆ ಒರಗಿರುತ್ತವೆ. ತೆಳುವಾದ 9ರ ಸೆಟ್ ಹಾಕಿದರೂ ಆರು ತಂತಿ ಸೇರಿ ಸುಮಾರು 38 ಕೆ.ಜಿ. ಎಳೆಯುತ್ತವೆ, 10ರ ಸೆಟ್‌ನಲ್ಲಿ ಅದು 46 ಕೆ.ಜಿ. ದಾಟುತ್ತೆ. ಇದರ ಜೊತೆಗೆ ಹಿಂದಿನ ಸ್ಪ್ರಿಂಗ್‌ಗಳ ಹೊರೆಯೂ ಇದೆ. ಲೋಹ ಮೆತ್ತಗಿದ್ದರೆ ಅಂಚು ಮೊಂಡಾಗುತ್ತೆ, ಬ್ರಿಡ್ಜ್ ಪ್ರತಿ ಸಲ ಬೇರೆ ಬೇರೆ ಜಾಗಕ್ಕೆ ವಾಪಸ್ ಬರುತ್ತೆ. ಆಮೇಲೆ ಎಷ್ಟು ಬೀಗ ಹಾಕಿದರೂ ಶ್ರುತಿ ನಿಲ್ಲಲ್ಲ. ಕಲಿಯುತ್ತಿರೋ ಹುಡುಗಿ ಅಥವಾ ಹುಡುಗ ಆಗ ‘ನನಗೇ ಸೆಟಪ್ ಬರಲ್ಲ’ ಅಂದುಕೊಳ್ಳುತ್ತಾರೆ. ಉಳಿತಾಯ ಮಾಡಿದ್ದು ಕಾರ್ಖಾನೆ, ತಪ್ಪಿತಸ್ಥ ಭಾವ ಮಾತ್ರ ಕೊಂಡವರದ್ದು.

ಕೊಳ್ಳುವ ಮುಂಚೆ ಎರಡು ಪರೀಕ್ಷೆ ಮಾಡಿ. ಒಂದು, ಬೇಸ್‌ಪ್ಲೇಟ್ ಮತ್ತು ಸ್ಯಾಡಲ್‌ಗೆ ಮ್ಯಾಗ್ನೆಟ್ ಹಿಡಿದು ನೋಡಿ. ಸತುವಿಗೆ ಅದು ಗಟ್ಟಿಯಾಗಿ ಕಚ್ಚಿಕೊಳ್ಳಲ್ಲ. ಎರಡು, ಸ್ಯಾಡಲ್, ಸ್ಕ್ರೂ, ಕಂಬ, ತಂತಿ ಒತ್ತುವ ಪುಟ್ಟ ಬ್ಲಾಕ್ ಇವೆಲ್ಲ ಬಿಡಿಯಾಗಿ ಸಿಗುತ್ತವಾ ಕೇಳಿ. ಭಾರತ ಸರ್ಕಾರ 2022ರಲ್ಲಿ ‘ರೈಟ್ ಟು ರಿಪೇರ್’ ಪೋರ್ಟಲ್ ಶುರುಮಾಡಿದಾಗ ಆರಿಸಿಕೊಂಡದ್ದು ಕೃಷಿ ಉಪಕರಣ, ಮೊಬೈಲ್, ಗೃಹಬಳಕೆ ವಸ್ತು ಮತ್ತು ವಾಹನ ಕ್ಷೇತ್ರಗಳನ್ನು. ಸಂಗೀತ ವಾದ್ಯ ಆ ಪಟ್ಟಿಯಲ್ಲಿರಲಿಲ್ಲ. ಹಾಗಾಗಿ ಈ ಪ್ರಶ್ನೆ ನಾವೇ ಕೇಳಬೇಕು.

ಮೊದಲು ಅಳತೆ, ಆಮೇಲೆ ಮೆಷಿನ್

ಈಗಾಗಲೇ ಎರಡು ಕಂಬದ ಟ್ರೆಮೊಲೊ ಇರೋ ಗಿಟಾರ್‌ಗೆ ಇದು ನೇರವಾಗಿ ಕೂರುತ್ತೆ ಅನ್ನೋದು ಸಾಮಾನ್ಯ ತಪ್ಪು ಕಲ್ಪನೆ. ಫ್ಲಾಯ್ಡ್ ರೋಸ್‌ನ ಕಂಬಗಳ ನಡುವಿನ ಅಂತರ ಸುಮಾರು 74 ಮಿ.ಮೀ., ಫೆಂಡರ್‌ನ ಎರಡು ಕಂಬದ ಬ್ರಿಡ್ಜ್‌ನದು ಸುಮಾರು 56 ಮಿ.ಮೀ. ಹಳೇ ತೂತು ಮುಚ್ಚಿ ಹೊಸದು ಕೊರೆಯಲೇಬೇಕು.

ನಟ್‌ನಲ್ಲೂ ಅಳತೆಗಳಿವೆ. ಆರ್2 ಸುಮಾರು 41.3 ಮಿ.ಮೀ. ಅಗಲ, ಆರ್3 ಸುಮಾರು 42.9 ಮಿ.ಮೀ. ನಿಮ್ಮ ನೆಕ್ ಅಳೆದು ಕೊಳ್ಳಿ. ಬ್ಲಾಕ್ 32, 37, 42 ಮಿ.ಮೀ. ಉದ್ದದಲ್ಲಿ ಬರುತ್ತೆ, ಬಾಡಿ ತೆಳುವಿದ್ದರೆ ಉದ್ದದ ಬ್ಲಾಕ್ ಹಿಂದೆ ಇಣುಕುತ್ತೆ.

ಕಂಬದ ಜಾಗ ಗುರುತಿಸೋದೇ ನಿರ್ಣಾಯಕ ಹಂತ. ನಟ್‌ನಿಂದ 12ನೇ ಫ್ರೆಟ್‌ವರೆಗಿನ ದೂರವನ್ನು ಎರಡರಿಂದ ಗುಣಿಸಿದರೆ ತಂತಿಯ ಉದ್ದ ಸಿಗುತ್ತೆ. ಸ್ಟ್ರಾಟ್‌ನಲ್ಲಿ ಅದು ಸುಮಾರು 648 ಮಿ.ಮೀ. ನೆನಪಿರಲಿ, ಇದು ತಂತಿ ಸ್ಯಾಡಲ್ ಮುಟ್ಟುವ ಜಾಗದ ಅಳತೆ, ಕಂಬದ್ದಲ್ಲ. ದಪ್ಪ ತಂತಿಗಳ ಸ್ಯಾಡಲ್‌ಗಳು ಇನ್ನೂ ಹಿಂದಕ್ಕೆ ಸರಿಯಬೇಕಾಗುತ್ತೆ, ಅದಕ್ಕೂ ಜಾಗ ಬಿಟ್ಟು ಕಂಬ ನಿಲ್ಲಿಸಬೇಕು. ಕಂಬ ಮತ್ತು ಗೂಡಿನ ನಡುವೆ ಮರ ತೆಳುವಾದರೆ ಎಳೆತಕ್ಕೆ ಕಂಬವೇ ವಾಲುತ್ತೆ. ಟೆಂಪ್ಲೇಟ್ ಇಟ್ಟು ಮೊದಲು ಹಳೇ ಪ್ಲೈವುಡ್ ತುಂಡಿನ ಮೇಲೆ ಕೊರೆದು ನೋಡಿ. ರೂಟರ್ ಹಿಡಿದು ಅಭ್ಯಾಸ ಇಲ್ಲ ಅಂದ್ರೆ ಅನುಭವ ಇರೋ ಲೂಥಿಯರ್ ಅಥವಾ ಬಡಗಿ ಕೈಲಿ ಮಾಡಿಸಿ, ಇದರಲ್ಲಿ ನಾಚಿಕೆ ಏನಿಲ್ಲ. ಸ್ಪ್ರಿಂಗ್ ಸಿಕ್ಕಿಸುವ ಕ್ಲಾಗೆ ಬೆಸೆದಿರೋ ಅರ್ತ್ ವೈರ್ ಬಿಚ್ಚೋದು, ಕೊನೆಗೆ ಮತ್ತೆ ಬೆಸೆಯೋದು ಮರೀಬೇಡಿ.

ನಟ್ ಕೂರುವ ಜಾಗವನ್ನು ಒಂದೇ ಸಲಕ್ಕೆ ಕೆತ್ತಬೇಡಿ. ಅರದಿಂದ ಸ್ವಲ್ಪ ಸ್ವಲ್ಪವೇ ಉಜ್ಜಿ ನೋಡುತ್ತಾ ಹೋಗಿ. 3ನೇ ಫ್ರೆಟ್‌ನಲ್ಲಿ ತಂತಿ ಒತ್ತಿದಾಗ 1ನೇ ಫ್ರೆಟ್ ಮೇಲೆ ಕೂದಲೆಳೆಯಷ್ಟು ಸಂದಿ ಉಳಿಯಬೇಕು. ಬೀಗ ಬಿಗಿದಾಗೆಲ್ಲ ಸ್ವರ ಏರುತ್ತಿದ್ದರೆ, ತಂತಿ ನಟ್ ಮೇಲೆ ಚಪ್ಪಟೆಯಾಗಿ ಕೂತಿಲ್ಲ ಅಂತ ಅರ್ಥ. ನಟ್ ಹಿಂದಿನ ಅಡ್ಡಪಟ್ಟಿಯನ್ನು ಇನ್ನಷ್ಟು ಕೆಳಗಿಳಿಸಿ.

ಸಮತೋಲನಕ್ಕೆ ತಾಳ್ಮೆ ಬೇಕು

ತಂತಿಯ ತುದಿಯ ಗುಂಡು ಕತ್ತರಿಸಿ, ಸ್ಯಾಡಲ್‌ಗೆ ತೂರಿಸಿ, 3 ಮಿ.ಮೀ. ಅಲೆನ್ ಕೀಯಿಂದ ಬಿಗಿಯಿರಿ. ಅತಿಯಾಗಿ ಬಿಗಿದರೆ ಸ್ಕ್ರೂ ಮರೆ ಹೋಗುತ್ತೆ. ಮೂರು ಸ್ಪ್ರಿಂಗ್‌ನಿಂದ ಶುರುಮಾಡಿ. ಫೈನ್ ಟ್ಯೂನರ್‌ಗಳು ಮಧ್ಯದಲ್ಲಿರಲಿ.

ಈಗ ಟ್ಯೂನ್ ಮಾಡಿದರೆ ವಿಚಿತ್ರ ಅನ್ನಿಸುತ್ತೆ. ಒಂದು ತಂತಿ ಏರಿಸಿದರೆ ಉಳಿದ ಐದು ಇಳಿಯುತ್ತವೆ, ಯಾಕಂದ್ರೆ ಇಡೀ ಬ್ರಿಡ್ಜ್ ಮುಂದಕ್ಕೆ ವಾಲುತ್ತೆ. ಹಿಂಬದಿ ಮೇಲೆದ್ದರೆ ಕ್ಲಾ ಸ್ಕ್ರೂ ಸ್ವಲ್ಪ ಬಿಗಿ ಮಾಡಿ, ಮತ್ತೆ ಟ್ಯೂನ್ ಮಾಡಿ. ಬ್ರಿಡ್ಜ್ ಬಾಡಿಗೆ ಸಮಾನಾಂತರವಾಗಿ ನಿಲ್ಲೋವರೆಗೆ ಇದೇ ಕೆಲಸ. ಕಂಬದ ಎತ್ತರ ಬದಲಿಸುವಾಗ ತಂತಿ ಸಡಿಲಿಸಿಕೊಳ್ಳಿ, ಇಲ್ಲಾಂದ್ರೆ ಅಂಚನ್ನು ನಿಮ್ಮ ಕೈಯಾರೆ ಹಾಳುಮಾಡಿದಂತೆ. ಇಂಟೊನೇಷನ್ ಸರಿಮಾಡಿ, ಕೊನೆಗೆ ನಟ್ ಬೀಗ ಹಾಕಿ. ಮುಂದೆ ತಂತಿ ಬದಲಿಸುವಾಗ ಒಂದೊಂದಾಗಿ ಬದಲಿಸಿ.

ನಿಜಕ್ಕೂ ಬೇಕಾ?

ಹಾಡಿನಿಂದ ಹಾಡಿಗೆ ಟ್ಯೂನಿಂಗ್ ಬದಲಿಸೋರಿಗೆ ತೇಲುವ ಫ್ಲಾಯ್ಡ್ ರೋಸ್ ತಲೆನೋವು. ವೇದಿಕೆಯಲ್ಲಿ ಒಂದು ತಂತಿ ಕಡಿದರೆ ಸ್ಪ್ರಿಂಗ್‌ಗಳು ಗೆದ್ದು ಬ್ರಿಡ್ಜ್ ಹಿಂದಕ್ಕೆ ಹೋಗುತ್ತೆ, ಉಳಿದ ಐದೂ ಶ್ರುತಿ ತಪ್ಪುತ್ತವೆ. ಆಗೊಮ್ಮೆ ಈಗೊಮ್ಮೆ ಕಡ್ಡಿ ಅಲ್ಲಾಡಿಸೋರಿಗೆ ಈಗಿರೋ ಟ್ರೆಮೊಲೊಗೇ ಲಾಕಿಂಗ್ ಬಿರಡೆ ಹಾಕಿಸಿ, ನಟ್‌ನ ಸಂದಿಗಳನ್ನು ನಯ ಮಾಡಿಸಿದರೆ ಬಹುಪಾಲು ಕೆಲಸ ಆಗುತ್ತೆ. ಇದಕ್ಕೆ ಬಾಡಿ ಕೊರೆಯೋದೇನೂ ಬೇಕಿಲ್ಲ.

ಇಲ್ಲ, ಆ ಬಾವಿಗೆ ಬಿದ್ದು ಮೇಲೇಳೋ ಸ್ವರವೇ ಬೇಕು ಅಂದ್ರೆ ಖಂಡಿತ ಹಾಕಿಸಿ. ಆದರೆ ಬಜೆಟ್ ಸಾಲದಿದ್ದರೆ ಅಗ್ಗದ ಬ್ರಿಡ್ಜ್‌ಗೋಸ್ಕರ ಒಳ್ಳೇ ಗಿಟಾರ್ ಕೊರೆಯೋದಕ್ಕಿಂತ ಇನ್ನಾರು ತಿಂಗಳು ದುಡ್ಡು ಕೂಡಿಡಿ, ಅಥವಾ ಒಳ್ಳೇ ಬ್ರಿಡ್ಜ್ ಮೊದಲೇ ಕೂತಿರೋ ಸೆಕೆಂಡ್ ಹ್ಯಾಂಡ್ ಗಿಟಾರ್ ಹುಡುಕಿ. ನೋಡೋಕೆ ಹೋಗುವಾಗ ಜೇಬಲ್ಲೊಂದು ಮ್ಯಾಗ್ನೆಟ್ ಇರಲಿ.