ಪ್ರಶ್ನೆಪತ್ರಿಕೆ ಮಾರುವ ಮುಖವಾಡಗಳು

ಪರೀಕ್ಷೆ ಹತ್ತಿರವಾದಂತೆ ವಿಜಯನಗರ, ಅತ್ತಿಗುಪ್ಪೆಯ ಕೋಚಿಂಗ್ ಸೆಂಟರುಗಳಲ್ಲಿ, ರಾಜಾಜಿನಗರ, ಬಸವೇಶ್ವರನಗರದ ಪಿಯು ವಿದ್ಯಾರ್ಥಿಗಳ ಮನೆಗಳಲ್ಲಿ ದೀಪ ಆರುವುದು ತಡ. ಇದೇ ಹೊತ್ತಿಗೆ ಇನ್ನೊಂದು ವ್ಯಾಪಾರವೂ ಕುದುರುತ್ತದೆ. ಟೆಲಿಗ್ರಾಂನಲ್ಲೋ ಇನ್‌ಸ್ಟಾಗ್ರಾಂನಲ್ಲೋ ಹೊಸ ಖಾತೆಯೊಂದು ಕಣ್ಣು ಬಿಡುತ್ತದೆ. ಮುಖಕ್ಕೆ ಪರೀಕ್ಷಾ ಮಂಡಳಿಯ ಲಾಂಛನ. ‘ನಾಳೆಯ ಪೇಪರ್ ಇದೆ, ಅಡ್ವಾನ್ಸ್ ಕಳಿಸಿ’ ಎಂಬ ಮಾತು.

ನಂಬುವವರನ್ನು ದಡ್ಡರೆನ್ನುವಂತಿಲ್ಲ. 2016ರ ಮಾರ್ಚ್ 21ರಂದು ನಡೆದ ದ್ವಿತೀಯ ಪಿಯು ರಸಾಯನಶಾಸ್ತ್ರ ಪರೀಕ್ಷೆ ಪತ್ರಿಕೆ ಸೋರಿಕೆಯಿಂದಾಗಿ ರದ್ದಾಯಿತು. ಮಾರ್ಚ್ 31ರ ಮರುಪರೀಕ್ಷೆಯ ಪತ್ರಿಕೆಯೂ ಸೋರಿದಾಗ ಮಕ್ಕಳು ಬೀದಿಗಿಳಿದರು. ಆ ನೆನಪೇ ಈ ಖಾತೆಗಳ ಬಂಡವಾಳ. 2025ರ ಮೇ 4ರ ನೀಟ್‌ಗೆ ಮುನ್ನ ಇಂಥ ಸುಳ್ಳು ಹರಡುತ್ತಿದ್ದ 106 ಟೆಲಿಗ್ರಾಂ ಮತ್ತು 16 ಇನ್‌ಸ್ಟಾಗ್ರಾಂ ಚಾನೆಲ್‌ಗಳನ್ನು ರಾಷ್ಟ್ರೀಯ ಪರೀಕ್ಷಾ ಸಂಸ್ಥೆ ಗುರುತಿಸಿತ್ತು.

ಇವರ ಬಳಿ ಪತ್ರಿಕೆ ಇರುವುದಿಲ್ಲ, ಇರುವಂತೆ ತೋರಿಸುವ ಕೈಚಳಕವಿರುತ್ತದೆ. ಅದರಲ್ಲಿ ಬಲು ಜಾಣತನದ್ದು ತಾರೀಖಿನ ಆಟ. ಟೆಲಿಗ್ರಾಂ ಚಾನೆಲ್ ನಡೆಸುವವನು ತಾನು ಹಾಕಿದ ಸಂದೇಶವನ್ನು ಎಷ್ಟೋ ದಿನಗಳ ನಂತರವೂ ತಿದ್ದಬಹುದು. ಪರೀಕ್ಷೆಯ ಹಿಂದಿನ ದಿನ ಒಂದು ಹೂವಿನ ಚಿತ್ರ ಹಾಕಿರುತ್ತಾನೆ ಎನ್ನಿ. ಪರೀಕ್ಷೆ ಮುಗಿದು ಪತ್ರಿಕೆ ಎಲ್ಲರ ಕೈಗೆ ಬಂದ ಮೇಲೆ ಹೂವನ್ನು ತೆಗೆದು ಅಲ್ಲಿ ಪತ್ರಿಕೆಯ ಫೋಟೊ ಕೂರಿಸುತ್ತಾನೆ. ತಾರೀಖು ಮಾತ್ರ ಹಿಂದಿನ ದಿನದ್ದೇ! ಪಕ್ಕದಲ್ಲಿ ‘ಎಡಿಟೆಡ್’ ಎಂಬ ಸಣ್ಣ ಅಕ್ಷರವಿರುತ್ತದೆ; ಅದನ್ನು ಓದುವ ವ್ಯವಧಾನ ಯಾರಿಗೆ? ಆ ಪುಟದ ಸ್ಕ್ರೀನ್‌ಶಾಟೇ ಮುಂದಿನ ಪರೀಕ್ಷೆಗೆ ಜಾಹೀರಾತು. 2024ರ ನೀಟ್ ವಿವಾದದಲ್ಲಿ ಟೆಲಿಗ್ರಾಂ ವಿಡಿಯೊ ಒಂದರ ಸಮಯವನ್ನು ತಿದ್ದಲಾಗಿದೆ ಎಂದು ಇದೇ ಪರೀಕ್ಷಾ ಸಂಸ್ಥೆ ಸುಪ್ರೀಂ ಕೋರ್ಟಿಗೆ ತಿಳಿಸಿತ್ತು. ಆ ವರ್ಷ ಹಜಾರಿಬಾಗ್, ಪಟ್ನಾಗಳಲ್ಲಿ ಪತ್ರಿಕೆ ಸೋರಿದ್ದು ನಿಜವೇ. ಆದರೆ ಅದು ಹೊರಬಿದ್ದದ್ದು ಪತ್ರಿಕೆ ಇಟ್ಟಿದ್ದ ಪೆಟ್ಟಿಗೆಯಿಂದ ಎಂದು ಸಿಬಿಐ ಹೇಳಿತು.

ಹಾಗಾದರೆ ಗುರುತಿಸುವುದು ಹೇಗೆ? ಖಾತೆಯ ಮುಖ ನೋಡಿದರೆ ಸಾಲದು, ಪೂರ್ವಾಪರ ನೋಡಬೇಕು. ಲಾಂಛನವನ್ನು ಯಾರೂ ಅಂಟಿಸಿಕೊಳ್ಳಬಹುದು. ನೀಲಿ ಗುರುತು ಕೂಡ ಈಗ ಹಣಕ್ಕೆ ಸಿಗುವ ವಸ್ತು. ಚಾನೆಲ್‌ನ ಹಳೆಯ ಸಂದೇಶಗಳಿಗೆ ಹೋದರೆ ಕೆಲವೊಮ್ಮೆ ಕ್ರಿಕೆಟ್ ಬೆಟ್ಟಿಂಗ್ ಸಲಹೆಗಳು ಸಿಕ್ಕಾವು. ಸದಸ್ಯರು ಸಾವಿರಾರು, ಸಂದೇಶ ನೋಡಿದವರು ಬೆರಳೆಣಿಕೆಯಷ್ಟು ಎಂದರೆ ಆ ಸದಸ್ಯರು ಬಾಡಿಗೆಯವರು. ‘ಥ್ಯಾಂಕ್ಸ್ ಸರ್, ಪೇಪರ್ ಸಿಕ್ಕಿತು’ ಎಂದು ಒಂದೇ ಧಾಟಿಯಲ್ಲಿ ಹೊಗಳುವವರೂ ಅದೇ ಅಂಗಡಿಯವರಿರಬಹುದು. ಹಣ ಕಳಿಸುವಾಗ ಯುಪಿಐಯಲ್ಲಿ ಮೂಡುವ ಹೆಸರು ಯಾರೋ ಅಪರಿಚಿತನದ್ದು. ಸರ್ಕಾರಿ ಜಾಲತಾಣದ ವಿಳಾಸ ‘ಗವ್ ಡಾಟ್ ಇನ್’ ಅಥವಾ ‘ನಿಕ್ ಡಾಟ್ ಇನ್’ ಎಂದು ಕೊನೆಗೊಳ್ಳುತ್ತದೆ. ಪರೀಕ್ಷಾ ಮಂಡಳಿಯಂತೂ ಪೇಪರ್ ಮಾರುವುದಿಲ್ಲ!

ಮೋಸಗಾರನಿಗೆ ದೊಡ್ಡ ರಕ್ಷಣೆ ಹುಡುಗನ ಮೌನ. ಕದ್ದ ಮಾಲು ಕೊಳ್ಳಲು ಹೋದವನು ಯಾರಿಗೆ ದೂರು ಕೊಟ್ಟಾನು? ಐನೂರಕ್ಕೆ ಶುರುವಾದದ್ದು ಸಾವಿರಗಳಿಗೆ ಏರಿ, ಕೊನೆಗೆ ‘ನಿಮ್ಮ ಅಪ್ಪನಿಗೆ ಹೇಳುತ್ತೇನೆ’ ಎಂಬ ಬೆದರಿಕೆಗೆ ಬಂದು ನಿಲ್ಲುತ್ತದೆ. ಮಗ ಬಾಯಿಬಿಟ್ಟ ದಿನ ಗದರುವ ಕೆಲಸವನ್ನು ತಂದೆತಾಯಿ ಒಂದು ದಿನ ಮುಂದೂಡುವುದು ಲೇಸು. ಅಂದು ಮೊದಲು ಆಗಬೇಕಾದದ್ದು 1930ಕ್ಕೆ ಫೋನು. ತಡಮಾಡದೆ ತಿಳಿಸಿದರೆ ಹಣ ಇನ್ನೊಂದು ಖಾತೆಗೆ ದಾಟುವ ಮುನ್ನ ಬ್ಯಾಂಕು ತಡೆಹಿಡಿಯುವ ಅವಕಾಶವಿದೆ. ನಾಚಿಕೆಯಿಂದ ಚಾಟ್ ಅಳಿಸುವ ಹುಡುಗರೇ ಹೆಚ್ಚು. ಅಳಿಸಬಾರದು, ಖಾತೆಯ ಹೆಸರು, ಯುಪಿಐ ವಿಳಾಸ, ಹಣ ಹೋದ ಸಮಯ ಎಲ್ಲವೂ ದೂರಿಗೆ ಬೇಕಾಗುತ್ತವೆ.